ಸಾಗರಾಂತರ ದಾಂಪತ್ಯ



ಗಂಡಹೆಂಡಿರು ಒಬ್ಬರನ್ನೊಬ್ಬರು ಅಗಲಿ ವರ್ಷಗಟ್ಟಲೆ ಬಾಳುವುದು ಮುಂಬಯಿಯ ಪರೇಲಿಗೆ ಹೊಸ ಸಂಗತಿಯಲ್ಲ. 1854ರಲ್ಲಿ ಕಾವಸಜೀ ದಾವರರು ಈ ನಗರದ ಮೊದಲ ಹತ್ತಿಗಿರಣಿಯ ಕಂಪೆನಿಯನ್ನು ಸ್ಥಾಪಿಸಿದ ಮೇಲೆ, ಪರೇಲ್, ಲಾಲ್‌ಬಾಗ್, ಲೋವರ್ ಪರೇಲ್, ವರಳಿಗಳಲ್ಲಿ ಒಂದರ ಬೆನ್ನಿಗೊಂದರಂತೆ ಗಿರಣಿಗಳೆದ್ದು, ಈ ಪ್ರದೇಶಕ್ಕೆ ಗಿರಣಗಾವ್ ಎಂಬ ಹೆಸರೇ ನಿಂತುಹೋಯಿತು. ರತ್ನಾಗಿರಿ ಸಾತಾರಗಳಿಂದ ಬಂದ ಮರಾಠಿಗರ ಜೊತೆಯಲ್ಲಿ ನಮ್ಮ ಬೆಳಗಾವಿ, ಕಾರವಾರಗಳ ಕಡೆಯವರೂ ಕೆಲಸವನ್ನರಸಿ ಇಲ್ಲಿಗೆ ಬಂದರು. ಉಡುಪಿ ಮಂಗಳೂರುಗಳ ಹುಡುಗರು ಹಗಲು ಹೋಟೆಲುಗಳಲ್ಲಿ ತಟ್ಟೆ ಲೋಟ ತೊಳೆಯುತ್ತ, ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿಯುತ್ತ ಗೃಹಸ್ಥರಾದರು. ಗೃಹಸ್ಥರಾದರೆಂದೆನಾದರೂ, ಗೃಹವು ಊರಿನಲ್ಲಿ, ಅವರು ಮಾತ್ರ ಇಲ್ಲಿ. 1921ರ ಜನಗಣತಿಯ ವೇಳೆಗೆ ಮುಂಬಯಿಯಲ್ಲಿ 1000 ಗಂಡಸರಿಗೆ ಹೆಂಗಸರ ಸಂಖ್ಯೆ 500ಕ್ಕೆ ತುಸುವೇ ಮೇಲಿತ್ತು. ಅಭಿವೃದ್ಧಿ ಇಲಾಖೆಯವರು 1920ರ ದಶಕದಲ್ಲಿ ಡಿಲೈಲ್ ರಸ್ತೆ, ವರಳಿ, ನಾಯ್ಗಾಂವ್, ಶಿವಡಿಗಳಲ್ಲಿ ಕಟ್ಟಿಸಿದ ಬಿ.ಡಿ.ಡಿ. ಚಾಳುಗಳ 160 ಚದರಡಿಯ ಖೋಲಿಗಳಲ್ಲಿ ಹತ್ತಾರು ಗಂಡಸರು ಪಾಳಿಯ ಮೇಲೆ ಮಲಗಿ ಏಳುತ್ತಿದ್ದರೆಂಬುದನ್ನೂ, ಅವರ ಹೊಟ್ಟೆಯ ಹೊಣೆಯನ್ನು ಖಾನಾವಳಿಯ ತಾಯಂದಿರು ಹೊತ್ತಿದ್ದರೆಂಬುದನ್ನೂ ಹಿರಿಯರ ಬಾಯಿಂದ ಕೇಳದ ಪರೇಲಿಗನಿಲ್ಲ. ಆ ತಾಯಂದಿರನ್ನು ಒಂದುಗೂಡಿಸಿ 1975ರಲ್ಲಿ ಪ್ರೇಮಾ ಪುರವ್ ಅವರು ಅನ್ನಪೂರ್ಣಾ ಮಹಿಳಾ ಮಂಡಲವನ್ನು ಕಟ್ಟಿದರು.

ಆ ಕಾಲದ ಹೆಂಡತಿ ವರ್ಷಕ್ಕೊಮ್ಮೆ ಗಣಪತಿ ಹಬ್ಬಕ್ಕೋ ಊರ ಜಾತ್ರೆಗೋ ಬರುವ ಗಂಡನಿಗಾಗಿ ಕಾದಿದ್ದಳು. ಮನಿಯಾರ್ಡರಿನ ತುದಿಯಲ್ಲಿ ಬರೆಯಲು ದೊರೆಯುವ ಅಂಗೈಯಗಲದ ಜಾಗದಲ್ಲಿ ಗಂಡ ಬರೆದ ನಾಲ್ಕು ಮಾತುಗಳನ್ನು ಅಂಚೆಯವನಿಂದ ಓದಿಸಿಕೊಳ್ಳುತ್ತಿದ್ದಳು. ಇದನ್ನು ಅವಳ ಸಹನೆಯೆಂದು ಕೊಂಡಾಡುವ ವಾಡಿಕೆ ನಮ್ಮಲ್ಲಿ ಬೆಳೆದುಬಂದಿದೆ. ನನಗೆ ಆ ಕೊಂಡಾಟ ಒಪ್ಪಿಗೆಯಾಗುವುದಿಲ್ಲ. ಕೂಲಿಯ ಕೊರತೆಯಿಂದ, ಖೋಲಿಯ ಕಿರಿದಿನಿಂದ, ಗಿರಣಿಯವರು ಸಂಸಾರಕ್ಕಾಗುವಷ್ಟು ಸಂಬಳವನ್ನು ಕೊಡದಿದ್ದುದರಿಂದ ಉಂಟಾದ ಅಗಲಿಕೆಯನ್ನು ಆ ಹೆಣ್ಣಿನ ಶೀಲದ ಲೆಕ್ಕಕ್ಕೆ ಬರೆದಿಟ್ಟು ನಾವು ಹಗುರಾದೆವೆಂದೇ ನನ್ನ ಭಾವನೆ. ಆದರೂ ಆ ಅಗಲಿಕೆಯಲ್ಲಿ ಒಂದು ಸ್ವಾತಂತ್ರ್ಯವುಳಿದಿತ್ತು. ಕಾರವಾರದ ಹೆಂಗಸು ಹಡಗಿನ ಟಿಕೇಟಿಗೆ ಹಣ ಕೂಡಿಸಿಕೊಂಡು ಒಂದು ದಿನ ಭಾವುಚಾ ಧಕ್ಕೆಯಲ್ಲಿಳಿದು, ಕೇಳುತ್ತ ಕೇಳುತ್ತ ಪರೇಲಿನ ಚಾಳಿಗೆ ಬಂದು ಗಂಡನ ಮುಂದೆ ನಿಂತರೆ, ನೀನೇಕೆ ಬಂದೆ, ಮರಳಿ ಹೋಗುವೆಯೆಂಬುದಕ್ಕೆ ಪ್ರಮಾಣವೇನು ಎಂದು ಕೇಳುವ ಅಧಿಕಾರಿಯೊಬ್ಬನು ನಡುದಾರಿಯಲ್ಲಿರಲಿಲ್ಲ.

ಇಂದಿನ ಪರೇಲಿನಲ್ಲಿ ಚಿತ್ರ ಬದಲಾಗಿದೆ. 1982ರ ಜನವರಿ 18ರಂದು ಡಾಕ್ಟರ್ ದತ್ತಾ ಸಾಮಂತರ ನಾಯಕತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೂಡಿದ ಮುಷ್ಕರದ ತರುವಾಯ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಅವುಗಳ ನೆಲದ ಮೇಲೆ ಗಗನಚುಂಬಿ ಸೌಧಗಳೂ ಕಚೇರಿಗಳೂ ಎದ್ದವು. ಹೊರದೇಶಗಳ ರಾಯಭಾರ ಕಚೇರಿಗಳ ಪರವಾಗಿ ವೀಸಾ ಅರ್ಜಿಗಳನ್ನು ತೆಗೆದುಕೊಳ್ಳುವ ಕೇಂದ್ರಗಳಲ್ಲಿ ಕೆಲವು ಇದೇ ಲೋವರ್ ಪರೇಲ್ ಮಹಾಲಕ್ಷ್ಮಿಗಳ ಆಸುಪಾಸಿನಲ್ಲಿ ನಡೆದುಬಂದಿವೆ. ಗಂಡನನ್ನು ಊರಿನಿಂದ ಸೆಳೆದು ತಂದ ನೆಲದಲ್ಲಿಯೇ ಈಗ ಹೆಂಡತಿಯು ಗಂಡನಿರುವ ನಾಡಿಗೆ ಹೋಗಲು ಬೆರಳಚ್ಚು ಕೊಡುತ್ತಾಳೆ. ಹಾಫ್‌ಕಿನ್ ಸಂಸ್ಥೆ, 1926ರಿಂದ ನಡೆದಿರುವ ಕೆ.ಇ.ಎಂ. ಆಸ್ಪತ್ರೆ, 1941ರಿಂದ ನಡೆದಿರುವ ಟಾಟಾ ಸ್ಮಾರಕ ಆಸ್ಪತ್ರೆ ಮೊದಲಾದುವುಗಳಿಂದ ಪರೇಲ್ ವೈದ್ಯಕೀಯದ ಕೇಂದ್ರವೂ ಆಗಿರುವುದರಿಂದ, ದಾದಿಯರಾಗಿ, ಪ್ರಯೋಗಶಾಲೆಯ ಸಹಾಯಕರಾಗಿ ದುಡಿಯುವ ಕರಾವಳಿಯ ಹೆಣ್ಣುಮಕ್ಕಳು ಇಲ್ಲಿ ಅನೇಕರಿದ್ದಾರೆ. ಅವರಲ್ಲಿ ಮದುವೆಯಾಗಿ, ಪತಿ ಹೊರದೇಶದಲ್ಲಿದ್ದು, ತಾನು ಅಲ್ಲಿ ನೆಲಸಲು ಪತಿಯ ಮೂಲಕ ಹಾಕಿದ ಅರ್ಜಿಯ ತೀರ್ಮಾನಕ್ಕೆ ಕಾದಿರುವವರ ಸಂಖ್ಯೆಯೂ ಅಲ್ಪವಲ್ಲ. ಪತ್ನಿಯು ಹೊರದೇಶದಲ್ಲಿದ್ದು ಪತಿಯು ಇಲ್ಲಿ ಕಾದಿರುವ ಮನೆಗಳೂ ಈಗ ನಮ್ಮಲ್ಲಿವೆ. ಈ ಕಾಯುವಿಕೆಯ ನಡುವೆ ಅವರು ಒಮ್ಮೆ ಹೋಗಿ ನೋಡಿ ಬರಬಹುದೆ, ಹೋಗಬಯಸಿದರೆ ಕಾನೂನು ಏನೆನ್ನುತ್ತದೆ, ಏನೆನ್ನಬೇಕು ಎಂಬುದೇ ನನ್ನ ಈ ಹೊತ್ತಿನ ಭಾಷಣದ ವಿಷಯ.

ನಮ್ಮ ಕಟ್ಟಡದಲ್ಲಿಯೇ ಅಂಥ ಹೆಣ್ಣುಮಗಳೊಬ್ಬಳಿದ್ದಾಳೆ. ಕುಂದಾಪುರದ ಕಡೆಯವಳು, ಪರೇಲಿನ ಆಸ್ಪತ್ರೆಯೊಂದರ ಪ್ರಯೋಗಶಾಲೆಯಲ್ಲಿ ಕೆಲಸ. ಮದುವೆಯಾದ ಕೆಲವೇ ವಾರಗಳಲ್ಲಿ ಪತಿಯು ತನ್ನ ಉದ್ಯೋಗಕ್ಕೆ ಮರಳಿದನು. ಶಾಶ್ವತವಾಸದ ಅರ್ಜಿಯನ್ನು ಇಬ್ಬರೂ ಕೂಡಿ ಸಲ್ಲಿಸಿದ್ದಾರೆ. ದೀಪಾವಳಿಗೆ ಹೋಗಿ ಒಂದು ತಿಂಗಳಿದ್ದು ಬರುವೆನೆಂದು ಅವಳು ಸಂದರ್ಶಕರ ವೀಸಾಕ್ಕೆ ಬರೆದುಕೊಂಡಾಗ, ನೀವು ನಮ್ಮ ದೇಶವನ್ನು ಬಿಟ್ಟು ಹಿಂದಿರುಗುವಿರೆಂದು ನಮಗೆ ಮನವರಿಕೆಯಾಗಿಲ್ಲ ಎಂಬ ಅಚ್ಚಿನ ಕಾಗದ ಬಂದಿತು. ಅದನ್ನು ಹಿಡಿದುಕೊಂಡೇ ಅವಳು ನಮ್ಮ ಮನೆಗೆ ಬಂದಳು.

"ಮಾಮ, ನನಗೆ ಇಲ್ಲಿ ನೌಕರಿ ಉಂಟು, ಅಮ್ಮ ಉಂಟು. ರಜೆ ಮುಗಿದ ಮೇಲೆ ಬಾರದೆ ಎಲ್ಲಿಗೆ ಹೋಗ್ತೇನೆ? ಗಂಡ ಅಲ್ಲಿದ್ದಾರೆ ಅಂತ ಬರೆದದ್ದೇ ತಪ್ಪಾಯ್ತು ಅಂತ ಏಜೆಂಟ್ ಹೇಳ್ತಾರೆ. ಬೇರೆ ಅರ್ಜಿ ಹಾಕುವ, ಅದರಲ್ಲಿ ಗಂಡನ ಸುದ್ದಿಯೇ ಬೇಡ, ಸುಮ್ಮನೆ ಊರು ನೋಡ್ಲಿಕ್ಕೆ ಅಂತ ಬರೆಯುವ ಅಂತಾರೆ. ನನ್ನ ಗಂಡನನ್ನು ನಾನು ನೋಡ್ಲಿಕ್ಕೆ ಹೋಗುವುದನ್ನು ಅಡಗಿಸಿಡ್ಬೇಕಾ?"

ಆ ಪ್ರಶ್ನೆಗೆ ನಾನು ಕೊಟ್ಟ ಉತ್ತರವನ್ನು ಮುಂದೆ ಹೇಳುವೆನು. ಅದಕ್ಕೆ ಮೊದಲು ಆ ನಿರಾಕರಣೆಯ ಹಿಂದಿರುವ ತರ್ಕವನ್ನು ನ್ಯಾಯವಾಗಿ ಪರಿಶೀಲಿಸಬೇಕು.

ಅಮೆರಿಕ ಸಂಯುಕ್ತ ಸಂಸ್ಥಾನದ 1952ರ ವಲಸೆ ಮತ್ತು ಪೌರತ್ವದ ಕಾಯಿದೆಯ 214(ಬಿ) ವಿಧಿಯು, ಆ ದೇಶಕ್ಕೆ ಬರಬಯಸುವ ಪರದೇಶೀಯನು ಅಲ್ಲಿ ನೆಲಸಲೆಂದೇ ಬರುತ್ತಿರುವನೆಂದು ಮೊದಲೇ ಭಾವಿಸಿಕೊಳ್ಳುತ್ತದೆ. ಹಾಗಲ್ಲವೆಂದು ಸಿದ್ಧಪಡಿಸುವ ಭಾರವು ಅರ್ಜಿದಾರನ ಮೇಲೆ ಬೀಳುತ್ತದೆ. ವಿಶೇಷ ಪರಿಣತಿಯ ಉದ್ಯೋಗಿಗಳಾಗಿ ಇಲ್ಲವೆ ಒಂದೇ ಸಂಸ್ಥೆಯ ಶಾಖೆಯಿಂದ ಶಾಖೆಗೆ ವರ್ಗವಾಗಿ ಹೋಗುವವರಂಥ ಕೆಲವು ವರ್ಗದವರಿಗೆ ಇದರಿಂದ ವಿನಾಯಿತಿಯಿದೆ, ಸಂದರ್ಶಕರಿಗೆ ಇಲ್ಲ. ಬೇರೆ ದೇಶಗಳಲ್ಲಿಯೂ ಶಬ್ದಗಳು ಬೇರೆಯಾದರೂ ಅಭಿಪ್ರಾಯ ಹೆಚ್ಚು ಕಡಿಮೆ ಇದೇ. ಹೀಗಿರಲು, ತಾನು ಮುಂದೆ ಅಲ್ಲಿಯೇ ನೆಲಸುವೆನೆಂದು ಲಿಖಿತವಾಗಿ ಬೇಡಿಕೊಂಡಿರುವ ಪತ್ನಿಯು, ಈಗ ಮಾತ್ರ ಒಂದು ತಿಂಗಳಿದ್ದು ಹಿಂದಿರುಗುವೆನೆಂದರೆ, ಕಿಟಕಿಯ ಆಚೆಯಲ್ಲಿ ಕುಳಿತ ಅಧಿಕಾರಿಗೆ ಅವಳ ಎರಡು ಕಾಗದಗಳು ಒಂದನ್ನೊಂದು ಅಲ್ಲಗಳೆಯುವಂತೆ ಕಾಣುತ್ತವೆ. ಒಬ್ಬೊಬ್ಬ ಅರ್ಜಿದಾರನಿಗೆ ಅವನಿಗಿರುವ ವೇಳೆ ಕೆಲವೇ ನಿಮಿಷ. ವೀಸಾದ ಮೇಲೆ ಹೋಗಿ ಅವಧಿ ಮೀರಿ ಉಳಿದುಬಿಟ್ಟವರ ಉದಾಹರಣೆಗಳು ಅವನ ಕಡತಗಳಲ್ಲಿರುತ್ತವೆ. ಅವನ ಸಂಶಯವು ದುಷ್ಟತನದಿಂದ ಹುಟ್ಟಿದುದೆಂದು ನಾನು ಹೇಳಲಾರೆ.

ಆದರೆ ಆ ತರ್ಕವು ತಪ್ಪಿದೆಯೆಂದು ಮಾತ್ರ ದೃಢವಾಗಿ ಹೇಳುವೆನು. ಮುಂದೊಂದು ದಿನ ಅನುಮತಿ ದೊರೆತ ಮೇಲೆ ನೆಲಸಬೇಕೆಂಬ ಬಯಕೆ, ಅನುಮತಿಯಿಲ್ಲದ ಈ ದಿನ ಹಿಂದಿರುಗಬೇಕೆಂಬ ನಿಶ್ಚಯ, ಇವೆರಡೂ ಒಂದೇ ಹೃದಯದಲ್ಲಿ ಒಂದಕ್ಕೊಂದು ಬಾಧಕವಾಗದೆ ಇರಬಲ್ಲವು. ಇರಬಲ್ಲವೆಂದಷ್ಟೇ ಅಲ್ಲ, ಮೊದಲನೆಯದೇ ಎರಡನೆಯದಕ್ಕೆ ಆಧಾರ. ಫೀಜು ಕಟ್ಟಿ, ಪೋಲೀಸು ಪ್ರಮಾಣಪತ್ರ ತಂದು, ವೈದ್ಯ ಪರೀಕ್ಷೆಗೆ ಸಿದ್ಧಳಾಗಿ, ವರ್ಷಾನುಗಟ್ಟಲೆಯಿಂದ ಸರದಿಯಲ್ಲಿ ನಿಂತಿರುವ ಹೆಂಗಸು, ಅವಧಿ ಮೀರಿ ಉಳಿದು ಆ ಸರದಿಯನ್ನೇ ಕೆಡಿಸಿಕೊಳ್ಳುವಳೆಂದು ಭಾವಿಸುವುದಕ್ಕಿಂತ, ಅದನ್ನು ಕಾಪಾಡಿಕೊಳ್ಳುವ ಸಲುವಾಗಿಯೇ ಹೇಳಿದ ದಿನಕ್ಕೆ ಸರಿಯಾಗಿ ಹಿಂದಿರುಗುವಳೆಂದು ಭಾವಿಸುವುದು ಮನುಷ್ಯ ಸ್ವಭಾವಕ್ಕೆ ಹತ್ತಿರವಾದದ್ದು. ಏನೂ ಅರ್ಜಿ ಹಾಕದ, ಕಳೆದುಕೊಳ್ಳುವುದಕ್ಕೆ ಏನೂ ಇಲ್ಲದ ಪ್ರವಾಸಿಗಿಂತ ಈಕೆಯ ಮಾತಿಗೇ ಹೆಚ್ಚಿನ ಜಾಮೀನು ಇದೆ.

ಇದು ನನ್ನೊಬ್ಬನ ಕಲ್ಪನೆಯಲ್ಲ. ಕೆನಡಾದ ವಲಸೆ ಮತ್ತು ನಿರಾಶ್ರಿತರ ರಕ್ಷಣೆಯ ಕಾಯಿದೆಯ 22ನೆಯ ವಿಧಿಯ ಎರಡನೆಯ ಉಪವಿಧಿಯು, ಶಾಶ್ವತ ನಿವಾಸಿಯಾಗಬೇಕೆಂಬ ಉದ್ದೇಶವುಳ್ಳವರನ್ನು ತಾತ್ಕಾಲಿಕ ನಿವಾಸಿಗಳಾಗದಂತೆ ಆ ಉದ್ದೇಶವೊಂದೇ ತಡೆಯಲಾರದೆಂದು ಸ್ಪಷ್ಟವಾಗಿ ಹೇಳಿದೆ. ಅವಧಿ ಮುಗಿದೊಡನೆ ಹೊರಡುವರೆಂದು ಅಧಿಕಾರಿಗೆ ತೃಪ್ತಿಯಾದರೆ ಸಾಕು. 2023ರ ಮೇ ತಿಂಗಳಿನಲ್ಲಿ ಆ ಸರ್ಕಾರವು, ಪತಿಪತ್ನಿಯರ ಅರ್ಜಿ ಬಾಕಿಯಿರುವವರ ಸಂದರ್ಶಕ ವೀಸಾಗಳನ್ನು ತ್ವರಿತವಾಗಿ ಪರಿಶೀಲಿಸುವ ವ್ಯವಸ್ಥೆಯನ್ನೂ ಪ್ರಕಟಿಸಿತು. ವಿಧಿಯಿದ್ದ ಮಾತ್ರಕ್ಕೆ ಎಲ್ಲ ಅಧಿಕಾರಿಗಳ ಕೈಯೂ ಉದಾರವಾಗುವುದಿಲ್ಲವೆಂಬುದು ಬೇರೆ ಮಾತು. ಆದರೂ ನ್ಯಾಯವು ಗ್ರಂಥದಲ್ಲಿ ಬರೆದಿದ್ದರೆ ಅದರ ಮೇಲೆ ಬೆರಳಿಟ್ಟು ಕೇಳುವ ಅವಕಾಶವಾದರೂ ಉಳಿಯುತ್ತದೆ. ಅಮೆರಿಕದ ಶಾಸನಸಭೆಯೂ ಈ ನೋವನ್ನು ಕಾಣದೆ ಹೋಗಿಲ್ಲ. 2000ದ ಡಿಸೆಂಬರ್ 21ರಂದು ಅಂಗೀಕೃತವಾದ ಕಾಯಿದೆಯೊಂದು, ಅಲ್ಲಿನ ಪೌರರ ಪತಿ ಅಥವಾ ಪತ್ನಿ ತಮ್ಮ ಅರ್ಜಿಯ ತೀರ್ಮಾನವನ್ನು ಆ ದೇಶದಲ್ಲಿ ಕೂಡಿದ್ದುಕೊಂಡೇ ಕಾಯಲೆಂದು ಕೆ-3 ಎಂಬ ವೀಸಾವನ್ನು ನಿರ್ಮಿಸಿತು. ಶಾಶ್ವತ ನಿವಾಸಿಗಳ ಪತಿಪತ್ನಿಯರಲ್ಲಿ ಆ ದಿನದೊಳಗೆ ಅರ್ಜಿ ಹಾಕಿದ್ದವರಿಗೆ ವಿ ಎಂಬ ಇನ್ನೊಂದನ್ನು ಕೊಟ್ಟಿತು. ಎರಡನೆಯದು ತನ್ನ ಕಾಲ ತೀರಿ ನಿಂತಿತು. ಮೊದಲನೆಯದು ಪುಸ್ತಕದಲ್ಲಿ ಉಳಿದಿದ್ದರೂ, ಮೂಲ ಅರ್ಜಿಯೂ ಕೆ-3ರ ಅರ್ಜಿಯೂ ಕೂಡಿಯೇ ವೀಸಾ ಕೇಂದ್ರಕ್ಕೆ ಬಂದರೆ ಎರಡನೆಯದನ್ನು ಮುಚ್ಚಿಬಿಡುವ ಕ್ರಮವು 2010ರಿಂದ ನಡೆಯುತ್ತಿರುವುದರಿಂದ, ಅದು ಕೈಗೆ ಸಿಗುವುದು ಅಪರೂಪ. ದಯೆಯಿಂದ ಹುಟ್ಟಿದ ಒಂದು ಶಾಸನವು ಕಚೇರಿಯ ಕ್ರಮದಿಂದ ಹೀಗೆ ಬರಿದಾದುದು ನನಗೆ ಬಹಳ ದುಃಖದ ವಿಷಯವಾಗಿ ತೋರುತ್ತದೆ.

ಪತ್ನಿಯು ಪತಿಯ ಬಳಿಗೆ ಹೋಗುವ ಹಾದಿಗೆ ಗಡಿಕಾವಲು ಅಡ್ಡಬಂದ ಕಥೆಗೆ ನೂರು ವರ್ಷಗಳಿಗೂ ಮಿಕ್ಕ ವಯಸ್ಸಾಗಿದೆ. 1913ರ ಮಾರ್ಚ್ 14ರಂದು ದಕ್ಷಿಣ ಆಫ್ರಿಕದ ಕೇಪ್ ಪ್ರಾಂತದ ಉಚ್ಚ ನ್ಯಾಯಾಲಯದಲ್ಲಿ ನ್ಯಾಯಮೂರ್ತಿ ಸರ್ಲ್ ಅವರು, ಅಲ್ಲಿ ನೆಲಸಿದ್ದ ಹಸನ್ ಇಸಪ್ ಎಂಬ ಭಾರತೀಯನ ಪತ್ನಿಯಾದ ಬಾಯಿ ಮರಿಯಂ ಎಂಬಾಕೆಯ ಪ್ರಕರಣದಲ್ಲಿ, ಬಹುಪತ್ನೀತ್ವಕ್ಕೆ ಎಡೆಗೊಡುವ ಧರ್ಮದ ವಿಧಿಯಿಂದ ನಡೆದ ವಿವಾಹವು ಆ ದೇಶದ ಕಾನೂನಿನಲ್ಲಿ ವಿವಾಹವೇ ಅಲ್ಲವೆಂದು ತೀರ್ಪಿತ್ತರು. ಒಂದೇ ತೀರ್ಪಿನಿಂದ ಅಲ್ಲಿದ್ದ ಹಿಂದೂ, ಮುಸಲ್ಮಾನ, ಪಾರ್ಸಿ ಸ್ತ್ರೀಯರೆಲ್ಲರ ಪತ್ನೀಪದವಿಗೆ ಚ್ಯುತಿ ಬಂದಿತು. ಭಾರತದಿಂದ ಗಂಡನನ್ನು ಕೂಡಲು ಹೊರಟವಳನ್ನು ಬಂದರಿನಲ್ಲಿ ತಡೆಯಲು ದಾರಿಯಾಯಿತು. ಆ ವರೆಗೆ ಪುರುಷರ ಹೋರಾಟವಾಗಿದ್ದ ಸತ್ಯಾಗ್ರಹಕ್ಕೆ ಸ್ತ್ರೀಯರು ಕಾಲಿಟ್ಟುದು ಈ ಕಾರಣದಿಂದಲೇ. ಕಸ್ತೂರಬಾ ಅವರು ಫೀನಿಕ್ಸ್ ಆಶ್ರಮದ ಸಂಗಡಿಗರೊಡನೆ ಟ್ರಾನ್ಸ್‌ವಾಲ್ ಗಡಿಯನ್ನು ದಾಟಹೋಗಿ, ಅದೇ ವರ್ಷದ ಸೆಪ್ಟೆಂಬರ್ 23ರಂದು ಮೂರು ತಿಂಗಳ ಕಠಿನ ಶಿಕ್ಷೆಗೆ ಗುರಿಯಾದರು. 1914ರ ಭಾರತೀಯರ ಪರಿಹಾರ ಕಾಯಿದೆಯು ಆ ವಿವಾಹಗಳಿಗೆ ಮತ್ತೆ ಮಾನ್ಯತೆಯನ್ನು ಕೊಟ್ಟಿತು. ತನ್ನ ಮದುವೆಯನ್ನು ಇನ್ನೊಬ್ಬರು ಅಳೆಯುವ ಅವಮಾನವನ್ನು ಸಹಿಸದ ಗೃಹಿಣಿಯೊಬ್ಬಳು ಸೆರೆಮನೆಯನ್ನೇ ವರಿಸಿದಳೆಂಬುದನ್ನು ನಮ್ಮ ಶಾಲೆಗಳ ಪಾಠಗಳಲ್ಲಿ ಇನ್ನಷ್ಟು ವಿಸ್ತಾರವಾಗಿ ಹೇಳಬೇಕಾಗಿತ್ತು.

ಕೆನಡಾ ದೇಶವು 1908ರಲ್ಲಿ, ಹುಟ್ಟಿದ ನಾಡಿನಿಂದ ಎಡೆಬಿಡದ ಒಂದೇ ಪಯಣದಲ್ಲಿ ಬಂದವರಿಗೆ ಮಾತ್ರ ಪ್ರವೇಶವೆಂಬ ನಿಯಮವನ್ನು ಮಾಡಿತು. ಭಾರತದಿಂದ ಅಲ್ಲಿಗೆ ನೇರವಾಗಿ ಹೋಗುವ ಹಡಗೇ ಇರದಿದ್ದುದರಿಂದ, ಅಲ್ಲಿ ನೆಲಸಿದ್ದ ಸಿಖ್ಖರು ತಮ್ಮ ಹೆಂಡಿರು ಮಕ್ಕಳನ್ನು ಕರೆಸಿಕೊಳ್ಳಲಾರದಾದರು. 1918ರ ಸಾಮ್ರಾಜ್ಯ ಸಮ್ಮೇಳನದ ನಿರ್ಣಯದ ಮೇರೆಗೆ ಒಬ್ಬ ಪತ್ನಿಯನ್ನೂ ಅಪ್ರಾಪ್ತವಯಸ್ಕ ಮಕ್ಕಳನ್ನೂ ಬರಗೊಡುವ ಆಜ್ಞೆ ಹೊರಟುದು 1919ರಲ್ಲಿ. ಬ್ರಿಟನ್ನಿನ ಕಥೆ ಇನ್ನೂ ಈಚಿನದು. 1979ರ ಜನವರಿಯಲ್ಲಿ, ಮದುವೆಯಾಗಲೆಂದು ಭಾರತದಿಂದ ಬಂದಿಳಿದ ಮಹಿಳೆಯೊಬ್ಬರನ್ನು ಲಂಡನ್ನಿನ ಹೀಥ್ರೂ ವಿಮಾನನಿಲ್ದಾಣದಲ್ಲಿ, ಆಕೆಯ ಮಾತನ್ನು ನಂಬದೆ, ದೇಹಪರೀಕ್ಷೆಗೆ ಗುರಿಮಾಡಿದ ಸುದ್ದಿ ಹೊರಬಿದ್ದು, ಭಾರತ ಸರ್ಕಾರ ಪ್ರತಿಭಟಿಸಿ, ಆ ಪದ್ಧತಿ ನಿಂತಿತು. ಆ ಮೇಲಿನ ದಶಕದಲ್ಲಿ, ಮದುವೆಯ ಮುಖ್ಯ ಉದ್ದೇಶವು ಬ್ರಿಟನ್ನಿಗೆ ಬರುವುದಲ್ಲವೆಂದು ಅರ್ಜಿದಾರನೇ ಸಿದ್ಧಪಡಿಸಬೇಕೆಂಬ ನಿಯಮವು ನಮ್ಮ ಉಪಖಂಡದ ಸಾವಿರಾರು ದಂಪತಿಗಳನ್ನು ಅಗಲಿಸಿತು. ಅದು ರದ್ದಾದುದು 1997ರ ಜೂನಿನಲ್ಲಿ. ಈಗ ಅದರ ಸ್ಥಾನದಲ್ಲಿ ಹಣದ ಅಳತೆಗೋಲು ಬಂದಿದೆ. ಪತ್ನಿಯನ್ನು ಕರೆಸಿಕೊಳ್ಳುವವರಿಗೆ ವರ್ಷಕ್ಕೆ 18,600 ಪೌಂಡುಗಳ ಆದಾಯವಿರಬೇಕೆಂದು 2012ರ ಜುಲೈಯಲ್ಲಿ ವಿಧಿಸಿದುದನ್ನು 2024ರ ಏಪ್ರಿಲಿನಲ್ಲಿ 29,000ಕ್ಕೆ ಏರಿಸಿದರು. ಜರ್ಮನಿಯು 2007ರಿಂದ, ಬರುವ ಪತ್ನಿಯು ಆ ಭಾಷೆಯ ಮೊದಲ ಪರೀಕ್ಷೆಯನ್ನು ತನ್ನ ದೇಶದಲ್ಲಿಯೇ ಮುಗಿಸಿರಬೇಕೆನ್ನುತ್ತದೆ; ಭಾಷೆಯನ್ನು ಕಲಿತು ಹೋಗುವುದು ಅವಳಿಗೇ ಹಿತವಾದ್ದರಿಂದ ಅದರ ಮೇಲೆ ನನಗೆ ಅಷ್ಟು ಆಕ್ಷೇಪವಿಲ್ಲ.

ಪ್ರಮಾಣವನ್ನು ಕೇಳುವುದು ಅನ್ಯಾಯವೆಂದು ನಾನು ಹೇಳುತ್ತಿಲ್ಲ. ದುಷ್ಯಂತನ ಸಭೆಯಲ್ಲಿ ಶಕುಂತಲೆಯನ್ನು ಸಹ ಗುರುತು ಕೇಳಿದರು. ಉಂಗುರವು ನೀರುಪಾಲಾಗಿದ್ದುದರಿಂದ ಅವಳು ತುಂಬಿದ ಬಸಿರಿನಲ್ಲಿ ಬರಿಗೈಯಾಗಿ ನಿಂತಳು. ಕಾಳಿದಾಸನ ನಾಟಕದ ಆ ಐದನೆಯ ಅಂಕವನ್ನು ಓದುವಾಗ ನನ್ನ ಮನಸ್ಸನ್ನು ಕಲಕುವುದು ರಾಜನ ಮರೆವಲ್ಲ, ಅದು ಶಾಪದ ಫಲ; ನಿಜವಾದ ದಾಂಪತ್ಯವೊಂದು ವಸ್ತುವಿನ ಸಾಕ್ಷ್ಯವಿಲ್ಲದ ಕಾರಣದಿಂದಲೇ ಸುಳ್ಳೆನಿಸಿಕೊಂಡ ಆ ಘಳಿಗೆ. ಇಂದಿನ ಶಕುಂತಲೆಯರಿಗೆ ಉಂಗುರದ ಬದಲು ಮದುವೆಯ ನೋಂದಣಿ ಪತ್ರ ಬೇಕು. ನಮ್ಮಲ್ಲಿ ಧಾರೆಯೆರೆದ ಮೇಲೆ ಇನ್ನೇನು ಬೇಕೆಂದು ಸುಮ್ಮನಿರುವವರು ಇನ್ನೂ ಇದ್ದಾರೆ. ಎಲ್ಲ ಮದುವೆಗಳೂ ಕಡ್ಡಾಯವಾಗಿ ನೋಂದಾವಣೆಯಾಗಬೇಕೆಂದು ಸರ್ವೋಚ್ಚ ನ್ಯಾಯಾಲಯವು 2006ರ ಫೆಬ್ರವರಿಯಲ್ಲಿಯೇ ನಿರ್ದೇಶಿಸಿದೆ; ಮಹಾರಾಷ್ಟ್ರಕ್ಕೆ 1998ರ ಕಾಯಿದೆಯಿದೆ, ಕರ್ನಾಟಕಕ್ಕೆ 1976ರದು. ಪರೇಲಿನವರಿಗೆ ಇದಕ್ಕಾಗಿ ದೂರ ಅಲೆಯಬೇಕಾದುದಿಲ್ಲ. ಮಹಾನಗರಪಾಲಿಕೆಯ ಎಫ್ ದಕ್ಷಿಣ ವಾರ್ಡಿನ ಕಚೇರಿ ಇಲ್ಲಿಯೇ ಇದೆ. ಊರಿನಲ್ಲಿ ಮದುವೆಯಾದವರು ಊರಿನ ಉಪನೋಂದಣಾಧಿಕಾರಿಯ ಬಳಿಯಲ್ಲಿ ಮಾಡಿಸಿಕೊಂಡೇ ಮುಂಬಯಿಯ ಬಂಡಿ ಹತ್ತುವುದು ಲೇಸು. ಇದರ ಜೊತೆಗೆ ಮದುವೆಯ ಭಾವಚಿತ್ರಗಳು, ಪತಿ ಕಳುಹಿಸಿದ ಹಣದ ಬ್ಯಾಂಕಿನ ದಾಖಲೆ, ಇಬ್ಬರ ಪಾಸ್‌ಪೋರ್ಟುಗಳಲ್ಲಿ ಒಬ್ಬರನ್ನೊಬ್ಬರು ಕಾಣಲು ಹೋಗಿಬಂದ ಮುದ್ರೆಗಳು, ಇವೂ ಬೇಕಾಗುತ್ತವೆ. ಭೇಟಿಯ ಮಹತ್ತ್ವ ಇಲ್ಲಿ ಇನ್ನೊಂದು ಬಗೆಯಿಂದ ಗೋಚರವಾಗುತ್ತದೆ. ಮದುವೆಯಾದ ಮೇಲೆ ಎಷ್ಟು ಸಲ ಕೂಡಿ ಇದ್ದಿರಿ ಎಂದು ಮುಖ್ಯ ಅರ್ಜಿಯ ಅಧಿಕಾರಿ ಕೇಳುತ್ತಾನೆ. ಕೂಡಿ ಇರಲು ಹೊರಟರೆ ಸಂದರ್ಶಕ ವೀಸಾದ ಅಧಿಕಾರಿ ತಡೆಯುತ್ತಾನೆ. ಒಂದೇ ಸರ್ಕಾರದ ಎರಡು ಮೇಜುಗಳ ನಡುವೆ ದಂಪತಿಗಳು ಹೀಗೆ ಸಿಕ್ಕಿಬೀಳುವುದನ್ನು ತಪ್ಪಿಸುವುದು ಆ ಸರ್ಕಾರಗಳ ಕರ್ತವ್ಯವೆಂದು ನಾನು ನಂಬಿದ್ದೇನೆ.

ಈಗ ಆ ಹೆಣ್ಣುಮಗಳಿಗೆ ನಾನು ಕೊಟ್ಟ ಉತ್ತರಕ್ಕೆ ಬರುತ್ತೇನೆ. "ಅಡಗಿಸಬೇಡ ಮಗಾ, ಇದ್ದದ್ದನ್ನು ಇದ್ದ ಹಾಗೆಯೇ ಬರೆ" ಎಂದೆನು. ಇದು ಕೇವಲ ಸತ್ಯನಿಷ್ಠೆಯ ಉಪದೇಶವಲ್ಲ. ಲೋಕವ್ಯವಹಾರದ ದೃಷ್ಟಿಯಿಂದಲೂ ಇದೊಂದೇ ದಾರಿ. ಅಮೆರಿಕದ ಸಂದರ್ಶಕ ವೀಸಾದ ನಮೂನೆಯಲ್ಲಿ, ನಿಮ್ಮ ಪರವಾಗಿ ಯಾರಾದರೂ ವಲಸೆಯ ಅರ್ಜಿ ಸಲ್ಲಿಸಿರುವರೆ ಎಂದು ನೇರವಾಗಿಯೇ ಕೇಳುತ್ತಾರೆ. ಪತಿಯು ಅಲ್ಲಿ ಅರ್ಜಿ ಹಾಕಿರುವಾಗ ಇಲ್ಲವೆಂದು ಬರೆದರೆ, ಅದು ಅವರದೇ ದಾಖಲೆಗಳಿಂದ ಬಯಲಾಗುತ್ತದೆ. ಮುಖ್ಯವಾದ ಸಂಗತಿಯನ್ನು ಬೇಕೆಂದೇ ಮರೆಮಾಚಿದವರು ಜೀವಮಾನವಿಡೀ ಆ ದೇಶದ ಪ್ರವೇಶಕ್ಕೆ ಅನರ್ಹರಾಗುತ್ತಾರೆ, ವಿಶೇಷ ಕ್ಷಮೆಯೊಂದು ದೊರೆತ ಹೊರತು. ಅಂತೆಯೇ ಹೋದವರು ಅವಧಿ ಮೀರಿ 180 ದಿನಗಳಿಗೆ ಮಿಕ್ಕಿ ಉಳಿದು ಹೊರಟರೆ ಮೂರು ವರ್ಷ, ಒಂದು ವರ್ಷ ಅಥವಾ ಅದಕ್ಕೂ ಮಿಕ್ಕಿ ಉಳಿದಿದ್ದರೆ ಹತ್ತು ವರ್ಷ ಮರಳಿ ಪ್ರವೇಶವಿಲ್ಲವೆಂದು 1996ರ ಕಾಯಿದೆ ಹೇಳುತ್ತದೆ. ಒಂದು ತಿಂಗಳ ಭೇಟಿಗಾಗಿ ಹೇಳಿದ ಸುಳ್ಳು ಒಂದು ಜನ್ಮದ ಸಹವಾಸವನ್ನು ನುಂಗಿಹಾಕಬಲ್ಲುದು. ಈ ಸುಳ್ಳನ್ನು ಕಲಿಸುವ ಏಜೆಂಟನು ಮರುದಿನ ಬೇರೆ ಗಿರಾಕಿಯ ಕಡೆಗೆ ತಿರುಗುತ್ತಾನೆ, ಅನುಭವಿಸುವವಳು ಇವಳು. ಇಂಥ ಸಲಹೆಯನ್ನು ಹಣ ತೆಗೆದುಕೊಂಡು ಕೊಡುವವರ ವಿಷಯದಲ್ಲಿ ನನಗೆ ಕ್ಷಮೆಯಿಲ್ಲ.

ಮತ್ತೆ ಬರೆಯುವಾಗ ಏನೇನು ಬರೆಯಬೇಕೆಂಬುದನ್ನು ನಾವಿಬ್ಬರೂ ಕುಳಿತು ಯೋಚಿಸಿದೆವು. ಅದನ್ನಿಲ್ಲಿ ಹೇಳಿದರೆ ಕೆಲವರಿಗಾದರೂ ಉಪಯೋಗವಾದೀತು. ಮೊದಲನೆಯದಾಗಿ, ಮುಖ್ಯ ಅರ್ಜಿ ಬಾಕಿಯಿದೆಯೆಂದು ಅವಳೇ ಮುಂದಾಗಿ, ಅದರ ಸಂಖ್ಯೆ ಸಹಿತ ತಿಳಿಸುವುದು. ತಾನು ಅದರ ತೀರ್ಮಾನವನ್ನು ಭಾರತದಲ್ಲಿಯೇ ಕಾಯುವೆನೆಂದೂ, ಕರೆಬಂದಾಗ ಇಲ್ಲಿಯೇ ಹಾಜರಾಗುವೆನೆಂದೂ ಸ್ಪಷ್ಟಪಡಿಸುವುದು. ಆಸ್ಪತ್ರೆಯವರಿಂದ, ಇಂಥ ದಿನದಿಂದ ಇಂಥ ದಿನದ ವರೆಗೆ ರಜೆ ಮಂಜೂರಾಗಿದೆ, ಮರುದಿನ ಕೆಲಸಕ್ಕೆ ಬರತಕ್ಕದ್ದು ಎಂಬ ಪತ್ರ, ಸಂಬಳದ ಚೀಟಿಗಳು, ತಾಯಿಯು ಅವಳ ಆಶ್ರಯದಲ್ಲಿರುವುದಕ್ಕೆ ಆಧಾರ, ಮನೆಯ ಬಾಡಿಗೆಯ ಕರಾರು. ಬೇಡುವ ಅವಧಿಯು ರಜೆಗೆ ತಕ್ಕಷ್ಟೇ ಇರಬೇಕು. ಒಂದು ತಿಂಗಳ ರಜೆಯುಳ್ಳವಳು ಆರು ತಿಂಗಳಿಗೆ ಬೇಡಿದರೆ ಸಂಶಯಕ್ಕೆ ತಾನೇ ಎಡೆಗೊಟ್ಟಂತಾಗುತ್ತದೆ. ವೀಸಾ ದೊರೆತರೂ ಅದು ಬಾಗಿಲಿನ ತನಕ ಹೋಗುವ ಅನುಮತಿ ಮಾತ್ರ. ಒಳಗೆ ಬಿಡುವ, ಎಷ್ಟು ದಿನವೆಂದು ಗೊತ್ತುಮಾಡುವ ಅಧಿಕಾರವು ವಿಮಾನನಿಲ್ದಾಣದ ಅಧಿಕಾರಿಯದು. ಆದಕಾರಣ ಆ ಕಾಗದಗಳನ್ನೆಲ್ಲ ದೊಡ್ಡ ಪೆಟ್ಟಿಗೆಯಲ್ಲಿಡದೆ ಕೈಚೀಲದಲ್ಲಿಯೇ ಇರಿಸಿಕೊಳ್ಳಬೇಕು. ಎಲ್ಲಿಗೆ ಹೋಗುತ್ತೀರಿ ಎಂದು ಕೇಳಿದರೆ ಗಂಡನ ಮನೆಗೆ ಎಂದೇ ಹೇಳಬೇಕು. ಅಲ್ಲಿರುವಷ್ಟು ದಿನ ಸಂಬಳದ ಕೆಲಸಕ್ಕೆ ಕೈಹಾಕಲಾಗದು. ಬ್ರಿಟನ್ನಿನಂಥ ದೇಶದಲ್ಲಿ ಸಂದರ್ಶಕಳಾಗಿ ಹೋದವಳು ಅಲ್ಲಿಯೇ ಪತ್ನಿಯ ವೀಸಾಕ್ಕೆ ಬದಲಾಯಿಸಿಕೊಳ್ಳುವಂತಿಲ್ಲ, ಹಿಂದಿರುಗಿ ಬರಲೇಬೇಕು. ಯೂರೋಪಿನ ಷೆಂಗೆನ್ ದೇಶಗಳಲ್ಲಿ ಯಾವುದೇ 180 ದಿನಗಳಲ್ಲಿ 90ಕ್ಕಿಂತ ಹೆಚ್ಚು ಇರುವಂತಿಲ್ಲ. ಮುಖ್ಯ ಅರ್ಜಿಗಾಗಿ ಪಾಸ್‌ಪೋರ್ಟನ್ನು ಕಚೇರಿಗೆ ಒಪ್ಪಿಸಿದ್ದರೆ ಆ ಕಾಲದಲ್ಲಿ ಪಯಣ ಬೆಳೆಸುವ ಮಾತೇ ಇಲ್ಲವಾದ್ದರಿಂದ, ದಿನಗಳನ್ನು ಅದಕ್ಕೆ ಹೊಂದಿಸಿಕೊಳ್ಳಬೇಕು. ಗೊತ್ತಾದ ದಿನಕ್ಕಿಂತ ಮೊದಲೇ ಹಿಂದಿರುಗಿದರೆ ಆ ಮುದ್ರೆಯೇ ಮುಂದಿನ ಸಲಕ್ಕೆ ಅವಳ ಪರವಾದ ಬಲವಾದ ಸಾಕ್ಷಿ.

ಈ ಮಾತುಗಳನ್ನಾಡುವಾಗ ನಮ್ಮ ಮನೆಯ ಕಡೆಗೂ ಒಮ್ಮೆ ತಿರುಗಿ ನೋಡುವುದು ಧರ್ಮ. ಭಾರತೀಯರನ್ನು ಮದುವೆಯಾದ ಹೊರದೇಶದವರಿಗೆ ನಾವು ಕೊಡುವ ಸಾಗರೋತ್ತರ ಪೌರತ್ವದ ಕಾರ್ಡಿಗೆ, ವಿವಾಹವು ನೋಂದಾಯಿತವಾಗಿ ಎರಡು ವರ್ಷಗಳ ಕಾಲ ಅವಿಚ್ಛಿನ್ನವಾಗಿ ನಡೆದಿರಬೇಕೆಂದು 2015ರ ತಿದ್ದುಪಡಿಯಿಂದ ವಿಧಿಸಲಾಗಿದೆ. ಆ ಎರಡು ವರ್ಷ ಅವರು ವೀಸಾದ ಮೇಲೆಯೇ ಬಂದು ಹೋಗುತ್ತಿರಬೇಕು. ಅನ್ಯರನ್ನು ಉದಾರರಾಗಿರೆಂದು ಬೇಡುವ ನಾವು, ನಮ್ಮ ಬಾಗಿಲಿಗೆ ಬಂದ ಸೊಸೆ ಅಳಿಯಂದಿರನ್ನು ಸಂಶಯದಿಂದ ನೋಡದಂತೆ ನಮ್ಮ ಕಚೇರಿಗಳನ್ನೂ ಬೇಡಿಕೊಳ್ಳಬೇಕು.

ಸರ್ಕಾರಗಳಿಂದ ನಾನು ಬಯಸುವುದು ಇಷ್ಟೇ: ಪತಿ ಅಥವಾ ಪತ್ನಿಯ ಮೂಲಕ ಶಾಶ್ವತವಾಸದ ಅರ್ಜಿಯನ್ನು ಸಲ್ಲಿಸಿ, ಮದುವೆಯ ದಾಖಲೆಗಳನ್ನು ಒದಗಿಸಿ, ಸತ್ಯವನ್ನು ಮರೆಮಾಡದೆ ಬರೆದವರಿಗೆ, ತೀರ್ಮಾನಕ್ಕೆ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಹಿಡಿಯುವುದಾದರೆ, ವರ್ಷಕ್ಕೊಮ್ಮೆ ಗೊತ್ತಾದ ಅವಧಿಯ ಭೇಟಿಯನ್ನು ಹಕ್ಕಾಗಿ ಕೊಡಬೇಕು. ಬೇಕಾದರೆ ಠೇವಣಿ ಇರಿಸಿಕೊಳ್ಳಲಿ. ಹಿಂದಿರುಗಿದ ಮೇಲೆ ಮುಂಬಯಿಯ ಕಚೇರಿಗೆ ಬಂದು ಹಾಜರಿ ಹಾಕೆಂದು ಹೇಳಲಿ. ನಮ್ಮ ಹೆಣ್ಣುಮಕ್ಕಳು ಅದನ್ನು ಸಂತೋಷದಿಂದ ಮಾಡಿಯಾರು. ಎರಡು ದೇಶಗಳ ನಡುವೆ ವಾಣಿಜ್ಯದ ಮಾತುಕತೆ ನಡೆಯುವಾಗಲೆಲ್ಲ ತಂತ್ರಜ್ಞರ ವೀಸಾಗಳ ಸಂಖ್ಯೆಯನ್ನು ನಮ್ಮವರು ಎತ್ತುತ್ತಾರೆ. ಆ ತಂತ್ರಜ್ಞರ ಹಿಂದೆ ಉಳಿದ ಸಂಸಾರಗಳ ಭೇಟಿಯ ಪ್ರಶ್ನೆಯನ್ನೂ ಅದೇ ಮೇಜಿನ ಮೇಲೆ ಇಡಲು ನಮ್ಮ ಸಂಸತ್ಸದಸ್ಯರು ಒತ್ತಾಯಿಸಬೇಕೆಂದು ನನ್ನ ಬಿನ್ನಹ.

ಇನ್ನು ನಮ್ಮ ಕೈಯಲ್ಲಿಯೇ ಇರುವ ಒಂದು ಕೆಲಸ. ಈ ನಗರದ ಕನ್ನಡ ಸಂಘಗಳು ಒಂದು ಕಾಲದಲ್ಲಿ ಹೋಟೆಲಿನ ಹುಡುಗರಿಗೆ ರಾತ್ರಿಶಾಲೆಗಳನ್ನು ತೆರೆದು ಅವರ ಬಾಳಿಗೆ ದಾರಿಮಾಡಿಕೊಟ್ಟವು. ಬ್ಯಾಂಕುಗಳಿಂದಲೂ ಸರ್ಕಾರಿ ಕಚೇರಿಗಳಿಂದಲೂ ನಿವೃತ್ತರಾಗಿ, ನಮೂನೆಗಳನ್ನು ತುಂಬುವುದರಲ್ಲಿ ನುರಿತ ಹಿರಿಯರು ಪರೇಲ್, ದಾದರ್, ಮಾಟುಂಗಾಗಳಲ್ಲಿ ಎಷ್ಟೋ ಮಂದಿಯಿದ್ದಾರೆ. ಸಂಘಗಳು ಭಾನುವಾರಕ್ಕೆ ಎರಡು ಗಂಟೆಯ ವೇಳೆ ಒಂದು ಮೇಜು, ನಾಲ್ಕು ಕುರ್ಚಿಗಳನ್ನು ಹಾಕಿಕೊಟ್ಟರೆ, ಅರ್ಜಿ ಬರೆಯುವವರು ಏಜೆಂಟನ ಬಾಗಿಲಿಗೆ ಹೋಗುವ ಮೊದಲು ಅಲ್ಲಿಗೆ ಬಂದು ತಮ್ಮ ಭಾಷೆಯಲ್ಲಿಯೇ ಕೇಳಿ ತಿಳಿದುಕೊಳ್ಳಬಹುದು; ಕಾನೂನಿನ ತೊಡಕಿದ್ದರೆ ಯೋಗ್ಯ ವಕೀಲರ ಬಳಿಗೆ ಕಳುಹಿಸಬಹುದು. ನಮ್ಮ ಕಟ್ಟಡದ ಹೆಣ್ಣುಮಗಳ ಹೊಸ ಅರ್ಜಿ, ಎಲ್ಲವನ್ನೂ ಬಿಚ್ಚಿ ಬರೆದುದು, ಕಳೆದ ವಾರ ಸಲ್ಲಿಕೆಯಾಗಿದೆ. ಉತ್ತರ ಇನ್ನೂ ಬರಬೇಕು. ತನ್ನ ಕಾಗದಗಳ ಒಂದೊಂದು ಪ್ರತಿಯನ್ನು ಅವಳು ನನ್ನಲ್ಲಿ ಬಿಟ್ಟುಹೋಗಿದ್ದಾಳೆ, ಮುಂದೆ ಕೇಳಿಕೊಂಡು ಬರುವವರಿಗೆ ತೋರಿಸಲೆಂದು. ಯಾವುದಾದರೂ ಸಂಘದವರು ಆ ಮೇಜನ್ನು ಹಾಕುವುದಾದರೆ, ಅವುಗಳನ್ನು ತೆಗೆದುಕೊಂಡು ಬಂದು ಮೊದಲ ಭಾನುವಾರ ಕುಳಿತುಕೊಳ್ಳಲು ನಾನು ಸಿದ್ಧನಿದ್ದೇನೆ.